ನೆಡುವ ಮೊದಲು ಕೊಳ್ಳುವವರನ್ನು ಕಾಣಿ

ತಾಳವಾಡಿ, ಹಾಸನೂರು, ಬರಗೂರು ಬೆಟ್ಟಗಳ ಕನ್ನಡದ ಬೇಸಾಯಗಾರರಿಗೆ, ಸ್ವಸಹಾಯ ಸಂಘಗಳ ಅಕ್ಕತಂಗಿಯರಿಗೆ, ಸೋಲಿಗ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಚೆನ್ನೈ

ಅಣ್ಣಂದಿರೇ, ಅಕ್ಕಂದಿರೇ,

ಮೂಲಿಕೆ ಬೇಸಾಯದ ಮಾತು ನಿಮ್ಮ ಊರುಗಳಲ್ಲಿ ಮತ್ತೆ ಎದ್ದಿದೆ. ಟೊಮೆಟೊ ಬೆಲೆ ಬಿದ್ದ ವರ್ಷ, ಕೋಸು ಹೊಲದಲ್ಲೇ ಕೊಳೆತ ವರ್ಷ, ಆನೆ ಬಾಳೆತೋಟ ತುಳಿದ ವರ್ಷ ಈ ಮಾತು ಏಳುವುದು ವಾಡಿಕೆ. ‘ಔಷಧಿ ಗಿಡ ಹಾಕಿದರೆ ಹೇಗೆ?’ ಎಂದು ನಿಮ್ಮಲ್ಲಿ ಹಲವರು ಫೋನು ಮಾಡಿ ಕೇಳುತ್ತೀರಿ. ಒಬ್ಬೊಬ್ಬರಿಗೂ ಅರ್ಧರ್ಧ ಉತ್ತರ ಕೊಡುವುದಕ್ಕಿಂತ ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆಯುವುದು ಮೇಲು. ನಾನು ಉಳುವವನಲ್ಲ. ಚೆನ್ನೈಯಲ್ಲಿ ಒಣಮೂಲಿಕೆ ಕೊಳ್ಳುವವರ ಕಡೆ ಕುಳಿತು ದುಡಿದವನು; ಮೂಟೆ ಬಿಚ್ಚಿ, ಮೂಸಿ, ಮುರಿದು ನೋಡಿ ಬೆಲೆ ಹೇಳುವವರ ನಡುವೆ ಇದ್ದವನು. ಹೊಲದೊಳಗಿನ ಸಂಗತಿಯನ್ನು ನಿಮಗೆ ಯಾರೂ ಕಲಿಸಬೇಕಿಲ್ಲ. ಮೂಟೆ ಊರು ಬಿಟ್ಟ ಮೇಲೆ ಏನಾಗುತ್ತದೆ ಎಂಬುದಷ್ಟೇ ನನ್ನ ಪಾಲಿನ ಮಾತು.

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. 1956ರಲ್ಲಿ ರಾಜ್ಯಗಳ ಗಡಿ ತಿದ್ದಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಅದೇ ಬೆಟ್ಟಸಾಲಿನ ತಾಳವಾಡಿ, ಬರಗೂರು ಮದ್ರಾಸಿನಲ್ಲೇ ಉಳಿದವು. ಮನೆಮಾತು ಕನ್ನಡ, ಹೋಗುವ ಜಾತ್ರೆ ಮಾದೇಶ್ವರನದು, ತುಂಬುವ ಅರ್ಜಿ ಮಾತ್ರ ತಮಿಳಿನದು. ಮೂಲಿಕೆಗೆ ಸಂಬಂಧಪಟ್ಟ ಕಚೇರಿಗಳೆಲ್ಲ ಚೆನ್ನೈಯಲ್ಲಿವೆ. ಬೆಂಗಳೂರಿನ ಕೃಷಿ ಪತ್ರಿಕೆಗಳು ಕೊಡುವ ಸಲಹೆ ಕರ್ನಾಟಕದ ಇಲಾಖೆಗಳನ್ನು ನೆನೆದು ಬರೆದದ್ದು, ನಿಮ್ಮ ಊರಿನ ಬೆಳೆದಾಖಲೆಯಾದ ಅಡಂಗಲ್ಲಿಗೆ ಹೊಂದುವುದಿಲ್ಲ. ಇಲ್ಲಿಯ ತಮಿಳು ಕೈಪಿಡಿಗಳು ಬಯಲಿನವರಿಗಾಗಿ ಅಚ್ಚಾದವು.

ಚೆನ್ನೈಯಲ್ಲಿ ಗಿರಾಕಿ ಇಲ್ಲವೆಂದಲ್ಲ. ಪಾರ್ಕ್ ಟೌನಿನ ರಾಸಪ್ಪ ಚೆಟ್ಟಿ ಬೀದಿಗೆ ಹೋದರೆ ಸಾಲುಸಾಲಾಗಿ ನಾಟಿ ಮದ್ದಿನ ಅಂಗಡಿಗಳು. ಹಿಪ್ಪಲಿ, ಬಜೆ, ಅಳಲೆಕಾಯಿ, ಆಡುಸೋಗೆ, ಲಾವಂಚ ಎಲ್ಲ ಗೋಣಿಚೀಲದ ಬಾಯಿ ತೆರೆದು ಕುಳಿತಿರುತ್ತವೆ. ನಾಟಿ ವೈದ್ಯರೇ 1944ರಲ್ಲಿ ಸಹಕಾರಿ ಸಂಘವಾಗಿ ಕಟ್ಟಿದ ಇಂಪ್‌ಕಾಪ್ಸ್ ತಿರುವಾನ್ಮಿಯೂರಿನಲ್ಲಿ ಇಂದಿಗೂ ಮದ್ದು ತಯಾರಿಸುತ್ತದೆ. ಸರ್ಕಾರಿ ಸಿದ್ಧ ಆಸ್ಪತ್ರೆಗಳಿಗೆ ಮದ್ದು ಒದಗಿಸಲೆಂದು 1983ರಲ್ಲಿ ಟ್ಯಾಂಪ್‌ಕಾಲ್ ಎಂಬ ನಿಗಮವೇ ಹುಟ್ಟಿತು. ತಾಂಬರಂನಲ್ಲಿ 2005ರಿಂದ ರಾಷ್ಟ್ರೀಯ ಸಿದ್ಧ ಸಂಸ್ಥೆ ಇದೆ. ಇವೆಲ್ಲಕ್ಕೂ ಮೂಲಿಕೆ ಬೇಕು, ದಿನವೂ ಬೇಕು.

ಆದರೆ ‘ಬೇಡಿಕೆ ಇದೆ’ ಎಂಬ ಮಾತು ಕೇಳಿ ಯಾರೂ ಬೀಜ ಹಾಕಬಾರದು. ಎಷ್ಟು ಬೇಡಿಕೆ ಎಂದು ಕೇಳಬೇಕು. ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಗಾಗಿ ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಯ ತಜ್ಞರು ದೇಶದ ಮೂಲಿಕೆ ವ್ಯಾಪಾರವನ್ನು ಅಳೆದು 2017ರಲ್ಲಿ ವರದಿ ಕೊಟ್ಟರು. ವ್ಯಾಪಾರದಲ್ಲಿರುವ ಜಾತಿಗಳು 1,178. ಅವುಗಳಲ್ಲಿ ವರ್ಷಕ್ಕೆ ನೂರು ಟನ್ನಿಗಿಂತ ಹೆಚ್ಚು ಬಿಕರಿಯಾಗುವವು 242. ಉಳಿದ 936 ಜಾತಿಗಳಲ್ಲಿ ಒಂದೊಂದೂ ಇಡೀ ದೇಶಕ್ಕೆ ಸೇರಿ ವರ್ಷಕ್ಕೆ ನೂರು ಟನ್ ಕೂಡ ಬೇಡ. ಎಕರೆಗೆ ಒಂದು ಟನ್ ಒಣ ಸರಕು ಬಂದರೆ ನೂರು ಎಕರೆಯಲ್ಲಿ ದೇಶದ ಬಾಯಿ ತುಂಬಿತು. ತಾಳವಾಡಿಯ ನಾಲ್ಕು ಊರು ಸೇರಿ ಅಂಥದೊಂದು ಗಿಡ ನೆಟ್ಟರೆ ಬೆಲೆ ಮುರಿಯುವುದಕ್ಕೆ ಬೇರೆ ಯಾರೂ ಬೇಕಿಲ್ಲ, ನಾವೇ ಸಾಕು. ಭತ್ತ, ಜೋಳದ ಲೆಕ್ಕದಲ್ಲಿ ಯೋಚಿಸಿ ಅಭ್ಯಾಸವಾದ ನಮಗೆ ಇಷ್ಟು ಸಣ್ಣ ಮಾರುಕಟ್ಟೆಯ ಅಂದಾಜು ಸುಲಭಕ್ಕೆ ಸಿಗುವುದಿಲ್ಲ.

ಬೇಡಿಕೆ ಏಕಾಏಕಿ ಏರುವುದೂ ಉಂಟು, ಇಳಿಯುವುದೂ ಉಂಟು. 2012ರಲ್ಲಿ ಡೆಂಗಿ ಹಬ್ಬಿದಾಗ ತಮಿಳುನಾಡು ಸರ್ಕಾರ ನಿಲವೇಂಬು ಕುಡಿನೀರನ್ನು ಆಸ್ಪತ್ರೆಗಳಲ್ಲಿ ಹಂಚಿತು. ನೆಲಬೇವು, ಲಾವಂಚ, ಕೊನ್ನಾರಿ ಗೆಡ್ಡೆ, ಶುಂಠಿ, ಮೆಣಸು ಹೀಗೆ ಒಂಬತ್ತು ವಸ್ತು ಸೇರಿದ ಕಷಾಯ ಅದು. 2020ರಲ್ಲಿ ಕೊರೊನಾ ಬಂದಾಗ ಕಬಸುರ ಕುಡಿನೀರಿನ ಸರದಿ. ಚೆನ್ನೈ ಪಾಲಿಕೆ ಅದನ್ನು ಬೀದಿಬೀದಿಯಲ್ಲಿ ಹಂಚಿತು, ಅದಕ್ಕೆ ಬೇಕಾದ ಹದಿನೈದು ಸರಕಿಗೂ ಅಂಗಡಿಗಳಲ್ಲಿ ನೂಕುನುಗ್ಗಲು. ಕಷಾಯ ರೋಗಕ್ಕೆ ಎಷ್ಟು ನಾಟಿತು ಎಂಬುದು ವೈದ್ಯರ ಚರ್ಚೆ. ನಮಗೆ ಬೇಕಾದ ಪಾಠ ಬೇರೆ: ಆ ನೂಕುನುಗ್ಗಲು ಕಂಡು ಗಿಡ ನೆಟ್ಟವನ ಫಸಲು ಕೈಗೆ ಬರುವ ಹೊತ್ತಿಗೆ ಸಾಲು ಕರಗಿರುತ್ತದೆ.

ಈ ಏರಿಳಿತ ಹೊಸದೇನೂ ಅಲ್ಲ. ನಿಮಗೆ ಪಡುವಲಲ್ಲಿರುವ ನೀಲಗಿರಿಯನ್ನೇ ನೋಡಿ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಕೊಡುವ ಸಿಂಕೋನ ಗಿಡವನ್ನು ಕ್ಲೆಮೆಂಟ್ಸ್ ಮಾರ್ಕಂ ದಕ್ಷಿಣ ಅಮೆರಿಕದಿಂದ ತರಿಸಿದ್ದು, 1860ರ ದಶಕದಲ್ಲಿ ಊಟಿಯ ಮೇಲೆ ಮ್ಯಾಕೈವರ್ ಉಸ್ತುವಾರಿಯಲ್ಲಿ ಅದು ಬೇರೂರಿದ್ದು ದಾಖಲಾದ ಚರಿತ್ರೆ. ದೊಡ್ಡಬೆಟ್ಟ, ನಡುವಟ್ಟಂಗಳಲ್ಲಿ ಸರ್ಕಾರಿ ತೋಟ ಎದ್ದಿತು; ನಡುವಟ್ಟಂನಲ್ಲಿ ಚೀನೀ ಕೈದಿಗಳನ್ನು ದುಡಿಸಿದರು. ತೊಗಟೆಗೆ ಬಂಗಾರದ ಬೆಲೆ ಕಂಡು ಖಾಸಗಿ ತೋಟಗಾರರೂ ಮುಗಿಬಿದ್ದರು, ಸಿಂಹಳದಲ್ಲಂತೂ ಹುಚ್ಚೇ ಹಿಡಿಯಿತು. ಅಷ್ಟರಲ್ಲಿ ಡಚ್ಚರು ಜಾವಾದಲ್ಲಿ ಇನ್ನೂ ಸತ್ವದ ತಳಿ ಬೆಳೆದರು. 1880ರ ದಶಕದಲ್ಲಿ ತೊಗಟೆಯ ಬೆಲೆ ನೆಲಕಚ್ಚಿತು. ಖಾಸಗಿಯವರು ಸಿಂಕೋನ ಕಿತ್ತು ಚಹಾ ನೆಟ್ಟರು. ಸರ್ಕಾರಿ ತೋಟ ಉಳಿಯಿತು, ಯಾಕೆಂದರೆ ಅದರ ತೊಗಟೆ ಕೊಳ್ಳುವ ಗಿರಾಕಿ ಸರ್ಕಾರವೇ ಆಗಿತ್ತು. ಒಂದೇ ಬೆಟ್ಟ, ಒಂದೇ ಮಣ್ಣು, ಒಂದೇ ಗಿಡ. ಉಳಿದವರಿಗೂ ಅಳಿದವರಿಗೂ ನಡುವಿನ ವ್ಯತ್ಯಾಸ ಗಿರಾಕಿ.

ನಮ್ಮ ಕಾಲಕ್ಕೆ ಬಂದರೆ ವೆನಿಲಾ ನೆನಪಿರಬೇಕು. 2003ರ ಸುಮಾರಿಗೆ ಮಲೆನಾಡಿನಲ್ಲಿ ಹಸಿ ಕೋಡನ್ನು ಕಳ್ಳರಿಂದ ಕಾಯಲು ರಾತ್ರಿ ಕಾವಲು ಹಾಕಿದ್ದರು. ಕೆಲವೇ ವರ್ಷದಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಬಳ್ಳಿ ಕಿತ್ತೆಸೆದರು. ಅದೇ ಕಾಲದಲ್ಲಿ ಬಂದ ಸಫೇದ್ ಮುಸ್ಲಿಯ ಕಥೆ ಇನ್ನೂ ಕಹಿ. ಅಲ್ಲಿ ದುಡ್ಡು ಮಾಡಿದವರು ಗೆಡ್ಡೆ ಬೆಳೆದವರಲ್ಲ, ನಾಟಿ ಗೆಡ್ಡೆ ಮಾರಿದವರು. ‘ನಾಟಿ ನಮ್ಮಿಂದ ಕೊಳ್ಳಿ, ಫಸಲು ನಾವೇ ಕೊಳ್ಳುತ್ತೇವೆ’ ಎನ್ನುವವರು ನಿಮ್ಮ ಊರಿಗೂ ಬರುತ್ತಾರೆ. ಅವರಲ್ಲಿ ಒಳ್ಳೆಯವರಿಲ್ಲವೆಂದು ಹೇಳಲಾರೆ. ಮಾಕಂದಿ ಬೇರನ್ನು ಒಪ್ಪಂದದ ಮೇಲೆ ಬೆಳೆಸಿ ಸರಿಯಾಗಿ ಹಣ ಕೊಟ್ಟ ಕಂಪನಿಗಳೂ ಇವೆ. ಆದರೆ ಒಂದು ಪರೀಕ್ಷೆ ಮಾಡಿ: ಬಂದವನ ಲಾಭ ನಾಟಿಯಲ್ಲಿದೆಯೋ ಫಸಲಿನಲ್ಲಿದೆಯೋ? ‘ನಾಟಿಯ ಹಣವನ್ನು ಫಸಲಿನಲ್ಲಿ ಮುರಿದುಕೊಳ್ಳಿ’ ಎಂದು ಹೇಳಿ ನೋಡಿ. ಒಪ್ಪಿದರೆ ಮಾತು ಮುಂದುವರಿಸಿ. ತಮಿಳುನಾಡು 2019ರಲ್ಲಿ ಒಪ್ಪಂದ ಕೃಷಿಗೆಂದೇ ಕಾಯ್ದೆ ಮಾಡಿದೆ. ಬಿತ್ತುವ ಮೊದಲೇ ಬೆಲೆ ಬರೆದುಕೊಂಡು ಅಧಿಕಾರಿಯ ಮುಂದೆ ನೋಂದಾಯಿಸುವುದು ಅದರ ತಿರುಳು. ನೋಂದಣಿ ಎಂದೊಡನೆ ಜಾಗ ಖಾಲಿ ಮಾಡುವವನನ್ನು ತಡೆಯಬೇಡಿ.

ಇಷ್ಟೆಲ್ಲ ಹೆದರಿಸಿದ ಮೇಲೂ ಮೂಲಿಕೆ ಬೇಡ ಎಂದು ನಾನು ಹೇಳುತ್ತಿಲ್ಲ. ಬೆಟ್ಟದವರಿಗೆ ಅದರಲ್ಲೊಂದು ನಿಜವಾದ ಅನುಕೂಲವಿದೆ. ದಿಂಬಂ ಘಾಟಿಯ 27 ತಿರುವು ಇಳಿದರೇ ಸತ್ಯಮಂಗಲ. 2022ರಿಂದ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ. ಕೊಯ್ದ ಟೊಮೆಟೊ ಗೇಟು ತೆರೆಯುವವರೆಗೆ ಕಾಯುವುದಿಲ್ಲ. ದಲ್ಲಾಳಿಗೆ ಇದು ಗೊತ್ತು, ಅವನು ಹೇಳಿದ್ದೇ ಬೆಲೆ. ಚೆನ್ನಾಗಿ ಒಣಗಿದ ಬೇರು ತಿಂಗಳುಗಟ್ಟಲೆ ಕಾಯುತ್ತದೆ. ನಾಲ್ಕೈದು ಕಿಲೋ ಹಸಿ ಗಿಡ ಒಂದು ಕಿಲೋ ಒಣ ಸರಕಾಗುವುದರಿಂದ ಸಾಗಣೆಯೂ ಹಗುರ. ದೂರದ ಊರಿನವರಿಗೆ ಇಂಥ ಬೆಳೆ ಒಪ್ಪುತ್ತದೆ.

ಹಾಗೆಂದು ಬಯಲಿನಲ್ಲಿ ಬೆಳೆಯುವುದನ್ನೇ ಬೆಟ್ಟದಲ್ಲಿ ಬೆಳೆದರೆ ಅನುಕೂಲ ಕರಗಿಹೋಗುತ್ತದೆ. ನೆಲನೆಲ್ಲಿ, ನೆಲಬೇವು, ತುಳಸಿ ಮೂರ್ನಾಲ್ಕು ತಿಂಗಳ ಗಿಡಗಳು. ಕೊಳವೆಬಾವಿ ಇರುವ ಬಯಲಿನವನು ನಿಮಗಿಂತ ಅಗ್ಗಕ್ಕೆ ಬೆಳೆದು ಹಾಕುತ್ತಾನೆ. ಗೌರಿ ಹೂವಿನ ಬೀಜಕ್ಕೆ ಹೊರದೇಶದಲ್ಲಿ ಬೆಲೆಯಿದೆ ಎಂದು ಧಾರಾಪುರಂ, ಮೂಲನೂರು ಕಡೆಯವರು ಚಪ್ಪರ ಹಾಕಿ, ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಬೆಳೆಯುತ್ತಾರೆ. ಕೊಳ್ಳುವವರು ಬೆರಳೆಣಿಕೆಯವರಾದ್ದರಿಂದ ಬೆಲೆ ಅವರ ಮುಷ್ಟಿಯಲ್ಲಿ. ಗಿಡವೆಲ್ಲ ವಿಷ ಬೇರೆ, ಮಕ್ಕಳಿರುವ ಮನೆಯ ಹಿತ್ತಿಲಿಗೆ ತಕ್ಕದ್ದಲ್ಲ. ನಿಮ್ಮ ಬಲ ಇರುವುದು ನಿಧಾನದ ಗಿಡಗಳಲ್ಲಿ. ಬದುವಿನ ಮೇಲೆ ನೆಲ್ಲಿ, ಅಳಲೆ, ತಾರೆ, ಬೇಲಿಗೆ ಸೀಗೆ, ಮನೆಯ ಹಿಂದೆ ಅಂಟುವಾಳ, ಕಲ್ಲುನೆಲದಲ್ಲಿ ಮಾಗಳಿ. ತುಮಕೂರು ಜಿಲ್ಲೆಯ ಕೊರಟಗೆರೆ ಸುತ್ತಿನವರು ಜೌಗು ಗದ್ದೆಯಲ್ಲಿ ಬಜೆ ಬೆಳೆದು ಹೆಸರು ಮಾಡಿದ್ದಾರೆ. ಬೇರೆ ಬೆಳೆಗೆ ಒಗ್ಗದ ನೆಲವನ್ನು ಮೂಲಿಕೆಗೆ ಕೊಟ್ಟರು, ಒಗ್ಗುವ ನೆಲವನ್ನು ಊಟಕ್ಕೆ ಇಟ್ಟುಕೊಂಡರು. ನೀವೂ ರಾಗಿ ಹೊಲಕ್ಕೆ ಕೈ ಹಾಕಬೇಡಿ.

ಮಾಗಳಿ ಬೇರಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೈಸೂರಿನ ಮನೆಗಳಲ್ಲೂ ಮೈಲಾಪುರದ ಮನೆಗಳಲ್ಲೂ ಅದರ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಇಳಿಯುವುದಿಲ್ಲ. ಸೊಗದೆ ಬೇರಿನ ಜಾಗದಲ್ಲಿ ಶರಬತ್ತಿಗೂ ಮದ್ದಿಗೂ ಅದೇ ಹೋಗುತ್ತದೆ. ಇಷ್ಟು ಬೇಡಿಕೆಯ ಬೇರನ್ನು ಬೆಳೆಯುವವರು ಮಾತ್ರ ಅಪರೂಪ, ಬಹುಪಾಲು ಕಾಡಿನಿಂದಲೇ ಅಗೆದದ್ದು. ಬೇರು ಅಗೆದರೆ ಬಳ್ಳಿ ಸತ್ತಂತೆ. ಹಾಗಾಗಿಯೇ ಅದು ಅಳಿವಿನಂಚಿನ ಗಿಡಗಳ ಪಟ್ಟಿ ಸೇರಿದೆ. ನೀವು ಹೊಲದಲ್ಲಿ ಮಾಗಳಿ ನೆಟ್ಟರೆ ಅಗೆಯುವಷ್ಟು ಬೇರು ದಪ್ಪಗಾಗಲು ಎರಡು ಮೂರು ವರ್ಷ ಬೇಕು. ಅಷ್ಟೂ ಕಾಲದ ನೆಲ, ಗೊಬ್ಬರ, ಕಳೆ, ಹಂದಿ ಕಾವಲು ನಿಮ್ಮ ಖರ್ಚು. ಕಾಡಿನ ಬೇರಿಗೆ ಅಗೆದವನ ಒಂದು ದಿನದ ಕೂಲಿ ಬಿಟ್ಟರೆ ಬೇರೆ ಖರ್ಚಿಲ್ಲ. ಎರಡೂ ಮೂಟೆ ಒಂದೇ ಅಂಗಡಿಯ ಮುಂದೆ ಇಳಿದಾಗ ವರ್ತಕ ಎರಡಕ್ಕೂ ಒಂದೇ ಬೆಲೆ ಹೇಳುತ್ತಾನೆ, ಅದೂ ಅಗೆದವನ ಕೂಲಿಯ ಲೆಕ್ಕದಲ್ಲಿ.

ಮೂಲಿಕೆ ಬೇಸಾಯ ಬೆಟ್ಟದಲ್ಲಿ ಯಾಕೆ ಕೈಹತ್ತಲಿಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ನಿಮ್ಮ ಪೈಪೋಟಿ ಪಕ್ಕದ ಹೊಲದವನೊಡನೆ ಅಲ್ಲ, ಬೆಲೆ ಕಟ್ಟದೆ ಖಾಲಿಯಾಗುತ್ತಿರುವ ನಿಮ್ಮದೇ ಕಾಡಿನೊಡನೆ. ಕಾಡಿನ ಬೇರು ಕೂಲಿಯ ಬೆಲೆಗೆ ಹೋಗುವವರೆಗೂ ಹೊಲದ ಬೇರಿಗೆ ಬೆಲೆ ಇಲ್ಲ. ಕಾಡು ಕಾಯುವುದನ್ನು ಪುಣ್ಯದ ಕೆಲಸವೆಂದು ಎಲ್ಲರೂ ಉಪದೇಶಿಸುತ್ತಾರೆ. ಅದು ನಿಮ್ಮ ಹೊಲದ ಬೆಲೆ ಕಾಯುವ ಕೆಲಸವೂ ಹೌದು.

ಹಾಗಾದರೆ ಕಾಡಿನಿಂದ ಬದುಕುವ ಸೋಲಿಗರನ್ನು ತಡೆಯಬೇಕೇ? ಖಂಡಿತ ಇಲ್ಲ. ಬಾಗಿಲು ಹಾಕಿದರೆ ಏನಾಗುತ್ತದೆಂದು ಗಡಿಯಾಚೆಯ ಬಿಳಿಗಿರಿರಂಗನ ಬೆಟ್ಟ ತೋರಿಸಿದೆ. ಅಲ್ಲಿ ಸೋಲಿಗರು ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ನೆಲ್ಲಿ, ಜೇನು, ಪಾಚಿ ಮಾರುತ್ತಿದ್ದರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ ಸಂಗ್ರಹಕ್ಕೆ ನಿಷೇಧ ಬಿತ್ತು, ಮನೆಗಳ ಆದಾಯ ಕುಸಿಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನ ಕಾಡಿನವರದೇ ಎಂದಿತು. 2011ರಲ್ಲಿ ಅಲ್ಲಿಯ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹಕ್ಕು ಇದ್ದವನಿಗೆ ‘ಇಷ್ಟೇ ಕೊಯ್ಯೋಣ, ಈ ಗುಡ್ಡವನ್ನು ಮೂರು ವರ್ಷ ಬಿಡೋಣ’ ಎನ್ನುವ ಧೈರ್ಯ ಬರುತ್ತದೆ. ಇಲ್ಲದವನು ಇವತ್ತೇ ಅಗೆದು ಮುಗಿಸುತ್ತಾನೆ, ನಾಳೆ ಇನ್ನೊಬ್ಬ ಅಗೆಯುತ್ತಾನಲ್ಲ. ಆದ್ದರಿಂದ ಲಿಂಗಾಯತ ಕೇರಿಯ ಬೇಸಾಯಗಾರರೇ, ಸೋಲಿಗರ ಹಕ್ಕುಪತ್ರದ ಅರ್ಜಿ ನಿಮ್ಮ ಗ್ರಾಮಸಭೆಗೆ ಬಂದಾಗ ಬೇರೆಯವರ ವಿಷಯ ಎಂದು ಎದ್ದುಹೋಗಬೇಡಿ. ಹಣ್ಣು, ಕಾಯಿ ಕಾಡಿನಿಂದ ಬರಲಿ, ಮರ ಸಾಯುವುದಿಲ್ಲ. ಬೇರು ಹೊಲದಿಂದ ಬರಲಿ. ಈ ಒಂದು ಗೆರೆಯನ್ನು ಎರಡು ಕೇರಿಯವರೂ ಕೂತು ಒಪ್ಪಿಕೊಂಡರೆ ಇಬ್ಬರಿಗೂ ಬದುಕಿದೆ.

ಇನ್ನು ಕೊಳ್ಳುವವನ ಕಣ್ಣು. ಚೆನ್ನೈಯ ಗೋದಾಮಿನಲ್ಲಿ ಮೂಟೆ ಬಿಚ್ಚಿದಾಗ ಮೊದಲು ನೋಡುವುದು ತೇವ. ಒಣಗಿದ್ದು ಮುರಿದರೆ ಚಟ್ಟನೆ ಮುರಿಯಬೇಕು. ಬಾಗಿದರೆ ಒಳಗೆ ಬೂಷ್ಟು ಹುಟ್ಟುತ್ತದೆ, ಬೂಷ್ಟಿನ ವಿಷ ಪ್ರಯೋಗಾಲಯದಲ್ಲಿ ಸಿಕ್ಕಿಬಿದ್ದರೆ ಮೂಟೆ ವಾಪಸು. ಎರಡನೆಯದು ಮಣ್ಣು, ಕಸ, ಬೇರೆ ಗಿಡ. ಅನೇಕ ಮೂಲಿಕೆಗಳಿಗೆ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಹೊರವಸ್ತು ಇರಬಾರದೆಂಬುದು ಔಷಧಕೋಶದ ನಿಯಮ. ರಸ್ತೆಯ ಮೇಲೆ ಹರವಿ ಒಣಗಿಸಿದ ಸರಕು ಅಲ್ಲೇ ಸೋಲುತ್ತದೆ. ಮೂರನೆಯದು ಗುರುತು. ನೆಲನೆಲ್ಲಿಯ ಮೂಟೆಯಲ್ಲಿ ಅದರಂತೆಯೇ ಕಾಣುವ ನಾಲ್ಕಾರು ಸೋದರ ಗಿಡಗಳು ಬೆರೆಯುತ್ತವೆ. ಅಶೋಕದ ತೊಗಟೆ ಎಂದು ರಸ್ತೆಬದಿಯ ಕಂಬದ ಮರದ ತೊಗಟೆ ಬರುತ್ತದೆ. ಈ ಬೆರಕೆಯಿಂದ ಬೇಸತ್ತ ತಯಾರಕರು, ಹೆಸರು ಹೇಳಿ ಹೊಲ ತೋರಿಸಿ ಕೊಡುವವನಿಗಾಗಿ ಹುಡುಕುತ್ತಾರೆ. ಬೆಳೆದ ಮೂಲಿಕೆಗೆ ಕಾಡಿನದ್ದಕ್ಕಿಂತ ನಾಲ್ಕು ಕಾಸು ಹೆಚ್ಚು ಕೇಳಲು ನಿಮಗಿರುವ ನ್ಯಾಯವಾದ ದಾರಿ ಇದು. ಹಾಗಾಗಿ ಮೊದಲ ಹಣವನ್ನು ಗಿಡಕ್ಕೆ ಹಾಕಬೇಡಿ, ಒಣಗಿಸುವ ಅಟ್ಟಕ್ಕೆ ಹಾಕಿ: ನೆಲದಿಂದ ಮೊಣಕಾಲೆತ್ತರ, ಮೇಲೆ ನೆರಳು, ಕೆಳಗೆ ಬಲೆ, ಪಕ್ಕದಲ್ಲಿ ಬೇರು ತೊಳೆಯುವ ತೊಟ್ಟಿ. ಕೋಸಿಗೆ ಹೊಡೆದ ಕೀಟನಾಶಕ ಗಾಳಿಯಲ್ಲಿ ಬಂದು ಮೂಲಿಕೆಯ ಮೇಲೆ ಕೂರದಂತೆ ಹೊಲದ ಜಾಗ ಆರಿಸಿ. ಅದರ ಶೇಷವನ್ನೂ ಈಗ ಪರೀಕ್ಷಿಸುತ್ತಾರೆ.

ಕಾಗದದ ವಿಷಯ ಬೇಸರ ತರಿಸುತ್ತದೆ, ಬಿಡುವಂತಿಲ್ಲ. ಬೆಟ್ಟದಿಂದ ಬೇರು ತುಂಬಿದ ಗಾಡಿ ಇಳಿದರೆ ಚೆಕ್‌ಪೋಸ್ಟಿನಲ್ಲಿ ಮೊದಲ ಪ್ರಶ್ನೆ ‘ಕಾಡಿನದೋ?’ ಎಂದು. ಬಿತ್ತಿದ ವರ್ಷವೇ ಗ್ರಾಮಾಡಳಿತಾಧಿಕಾರಿಯಿಂದ ಅಡಂಗಲ್ಲಿನಲ್ಲಿ ಆ ಗಿಡದ ಹೆಸರು ಬರೆಸಿ. ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಕಾಯ್ದೆ ಹೇಳುತ್ತದೆ. 2023ರ ತಿದ್ದುಪಡಿ ಬೆಳೆದ ಔಷಧಿ ಗಿಡಗಳಿಗೆ ವಿನಾಯಿತಿ ಕೊಟ್ಟು, ಹೊಲದಲ್ಲೇ ಬೆಳೆದದ್ದು ಎಂಬ ಮೂಲ ಪ್ರಮಾಣಪತ್ರಕ್ಕೆ ಬೆಲೆ ತಂದಿದೆ. ಆ ಕಾಯ್ದೆಯ ರಾಷ್ಟ್ರೀಯ ಪ್ರಾಧಿಕಾರ ಇರುವುದು ಇದೇ ಚೆನ್ನೈಯ ತರಮಣಿಯಲ್ಲಿ. ನಿಮ್ಮ ಪಂಚಾಯ್ತಿಯ ಸಮಿತಿ ಹೆಸರಿಗಷ್ಟೇ ಇದ್ದರೆ ಎಬ್ಬಿಸಿ ಕೂರಿಸಿ.

ಕೊನೆಯದು ಬೆಲೆ. ಈರೋಡಿನ ಅರಿಶಿನ ನಿಮಗೆ ಹೊಸದಲ್ಲ. ಅಲ್ಲಿ ದಿನವೂ ಹರಾಜು, ಮರುದಿನದ ಪತ್ರಿಕೆಯಲ್ಲಿ ಬೆಲೆ. ಬರಗೂರಿನಲ್ಲಿ ಕೂತವನಿಗೂ ನಿನ್ನೆಯ ಧಾರಣೆ ಗೊತ್ತು. ಮೂಲಿಕೆಗೆ ಅಂಥ ಹರಾಜು ಕಟ್ಟೆ ಇಲ್ಲ. ಬೆಲೆ ಫೋನಿನಲ್ಲಿ, ಪಿಸುಮಾತಿನಲ್ಲಿ, ಒಬ್ಬೊಬ್ಬನಿಗೆ ಒಂದೊಂದು. ಒಬ್ಬಂಟಿ ರೈತ ಐವತ್ತು ಕಿಲೋ ಹಿಡಿದು ಬಂದರೆ ಕೇಳಿದ ಬೆಲೆಗೆ ಕೊಟ್ಟು ಬಸ್ಸು ಹತ್ತಬೇಕು. ಐವತ್ತು ಮನೆ ಸೇರಿ ಒಂದೇ ಹದದ ಎರಡು ಟನ್ ಇಟ್ಟುಕೊಂಡು, ನಮೂನೆಯ ಪೊಟ್ಟಣವನ್ನು ನಾಲ್ಕು ಕಡೆ ಕಳಿಸಿದರೆ ವರ್ತಕನೇ ಫೋನು ಮಾಡುತ್ತಾನೆ. ಇದು ಆಗದ ಮಾತಲ್ಲ. ಕೋತಗಿರಿಯ ಕೀಸ್ಟೋನ್ ಬಳಗದ ಆಸರೆಯಲ್ಲಿ 2013ರಲ್ಲಿ ಹುಟ್ಟಿದ ಆದಿಮಲೈ ಕಂಪನಿಗೆ ಬೆಟ್ಟದ ಬುಡಕಟ್ಟಿನವರೇ ಒಡೆಯರು. ಮಧುರೈ ಕಡೆ ಗ್ರಾಮ ಮೂಲಿಗೈ ಕಂಪನಿಯ ಶೇರುಗಳನ್ನು ಮೂಲಿಕೆ ಆಯುವವರೇ ಕೊಂಡು ನಡೆಸಿದರು. ರಾಷ್ಟ್ರೀಯ ಮಂಡಳಿಯ ಇ-ಚರಕ್ ಎಂಬ ತಾಣದಲ್ಲಿ ಮಾರುವವರು, ಕೊಳ್ಳುವವರು ಹೆಸರು ಹಾಕಬಹುದು. ಫೋನು ಚೆನ್ನಾಗಿ ಬಲ್ಲ ಒಬ್ಬ ಹುಡುಗಿಯನ್ನು ಸಂಘದಿಂದ ಅದಕ್ಕೇ ನೇಮಿಸಿ.

ಇಷ್ಟನ್ನೂ ಕೆಲಸದ ಸಾಲಿಗೆ ಇಳಿಸಿ ಮುಗಿಸುತ್ತೇನೆ. ಈ ವರ್ಷ ಯಾರೂ ಎಕರೆಗಟ್ಟಲೆ ನೆಡಬೇಡಿ. ಮುಂಗಾರಿನ ಒಳಗೆ ನಿಮ್ಮಿಂದ ನಾಲ್ವರು, ಅದರಲ್ಲಿ ಇಬ್ಬರು ಹೆಂಗಸರು, ಒಬ್ಬರು ಸೋಲಿಗರು ಇರುವಂತೆ ಆರಿಸಿ ಚೆನ್ನೈಗೆ ಕಳಿಸಿ. ಪಾರ್ಕ್ ಟೌನು, ತಿರುವಾನ್ಮಿಯೂರು, ತಾಂಬರಂ ಎಲ್ಲ ಕಡೆ ನಾನು ಜೊತೆಗಿರುತ್ತೇನೆ, ತಮಿಳಿಗೆ ಕನ್ನಡ ಜೋಡಿಸುವ ಹೊಣೆ ನನ್ನದು. ಮೂರು ಪ್ರಶ್ನೆ ಕೇಳೋಣ: ವರ್ಷಕ್ಕೆ ಎಷ್ಟು ಬೇಕು, ಯಾವ ಹದದಲ್ಲಿ ಬೇಕು, ಬರೆದು ಕೊಡುತ್ತೀರಾ. ಮೂರಕ್ಕೂ ಉತ್ತರ ಸಿಕ್ಕ ಗಿಡಗಳನ್ನಷ್ಟೇ ಬದುವಿಗೆ ಹಾಕಿ. ಅಲ್ಲಿಯವರೆಗೆ ನಾಟಿಗೆಂದು ಯಾರಾದರೂ ಮುಂಗಡ ಕೇಳಿದರೆ, ಫಸಲಿನ ಒಪ್ಪಂದಕ್ಕೆ ಅವರ ಸಹಿ ಮೊದಲು ಕೇಳಿ.

ಇಂತಿ ನಿಮ್ಮವ,
ಚೆನ್ನೈಯಲ್ಲಿ ನೆಲೆಸಿದ ಒಬ್ಬ ಕನ್ನಡಿಗ